ಲಿಯೋನಿನ ಯಂತ್ರ, ಇಳಕಲ್ಲಿನ ತೊಲೆ

1955ರಲ್ಲಿ ನಾನು ಇಳಕಲ್ಲಿನಲ್ಲಿ ಕೈಮಗ್ಗ ಸೂಪರ್‌ವೈಸರ್ ಆಗಿದ್ದೆ. ಆಗ ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ ಅದರ ತಾಲೂಕುಗಳು; ಇಳಕಲ್ಲು ಹುನಗುಂದ ತಾಲೂಕಿನ ನೇಕಾರರ ಊರು. ಕೆಲಸ ದೊಡ್ಡದೇನಲ್ಲ. ಬೆಳಗ್ಗೆ ಎದ್ದು ಓಣಿ ಓಣಿ ತಿರುಗುವುದು, ನೂಲು ಬಂತೇ, ಬಣ್ಣ ನಿಂತಿತೇ ಎಂದು ಕೇಳುವುದು, ಸಂಜೆ ಕೂತು ಮೇಲಿನವರಿಗೆ ವರದಿ ಬರೆಯುವುದು. ಬರೆದದ್ದನ್ನು ಯಾರೂ ಓದುವುದಿಲ್ಲವೆಂದು ಮೊದಲ ವರ್ಷದಲ್ಲೇ ಗೊತ್ತಾಗಿತ್ತು. ಮೂವತ್ತು ದಾಟುವುದರೊಳಗೇ ನಾನು ದಣಿದುಹೋಗಿದ್ದೆ ಎಂದರೆ ಈಗ ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಗೆ ಬರುವ ಹುಡುಗರು ನಗುತ್ತಾರೆ. ನಗಲಿ. ಕೆಲಸ ಮಾಡಿ ದಣಿಯುವುದು ಬೇರೆ, ಮಾಡಿದ ಕೆಲಸ ಎಲ್ಲಿಗೂ ಮುಟ್ಟದೆ ದಣಿಯುವುದು ಬೇರೆ.

ನಾನು ಕಲಿತದ್ದು ಮುಂಬಯಿಯ ಒಂದು ನೇಯ್ಗೆ ಶಾಲೆಯಲ್ಲಿ. ಅಲ್ಲಿ ನಮಗೆ ಒಂದು ಊರಿನ ಚರಿತ್ರೆಯನ್ನು ಬಾಯಿಪಾಠ ಮಾಡಿಸಿದ್ದರು. ಅದು ಫ್ರಾನ್ಸಿನ ಲಿಯೋನ್. ರೋನ್, ಸೋನ್ ಎಂಬ ಎರಡು ಹೊಳೆಗಳು ಕೂಡುವಲ್ಲಿ ರೋಮನ್ನರು ಕಟ್ಟಿದ ಊರು. ಹದಿನಾರನೆಯ ಶತಮಾನದಿಂದ ರೇಷ್ಮೆಯ ಊರು. ಅಲ್ಲಿ ಎರಡು ಗುಡ್ಡ. ಒಂದರ ಮೇಲೆ ದೊಡ್ಡ ಚರ್ಚು, ಇನ್ನೊಂದರ ಮೇಲೆ ಬರೀ ಮಗ್ಗ. ಕೂಲಿಯ ದರ ನಿಗದಿಯಾಗಲೆಂದು 1831ರಲ್ಲಿ ಆ ನೇಕಾರರು ಕಪ್ಪು ಬಾವುಟ ಹಿಡಿದು ಗುಡ್ಡ ಇಳಿದಿದ್ದರು. ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಆ ಊರನ್ನು ಎಂದೂ ನೋಡಲಾರೆ ಎಂಬುದೂ ಗೊತ್ತಿತ್ತು.

ಆ ಊರು ಜಗತ್ತಿಗೆ ಕೊಟ್ಟ ದೊಡ್ಡ ವಸ್ತು ಜಕಾರ್ಡ್ ಯಂತ್ರ. ಮಗ್ಗದ ತಲೆಯ ಮೇಲೆ ಕೂಡಿಸುವ ಯಂತ್ರ ಅದು. ತೂತು ಹೊಡೆದ ರಟ್ಟಿನ ಪಟ್ಟಿಗಳು ಒಂದರ ಹಿಂದೊಂದು ಅದರಲ್ಲಿ ಸರಿಯುತ್ತವೆ. ತೂತಿದ್ದಲ್ಲಿ ಹಾಸಿನ, ಅಂದರೆ ಮಗ್ಗದ ಉದ್ದಕ್ಕೂ ಬಿಗಿದ ನೂಲಿನ, ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹೂವು, ಬಳ್ಳಿ, ನವಿಲು ಏನನ್ನಾದರೂ ಒಬ್ಬನೇ ನೇಕಾರ ನೇಯಬಹುದು. ಆ ವರ್ಷ ನಮ್ಮ ಇಲಾಖೆ ಇಳಕಲ್ಲಿಗೆ ಒಂದು ಜಕಾರ್ಡ್ ಮಂಜೂರು ಮಾಡಿತು. ಒಬ್ಬ ನೇಕಾರನ ಮನೆಯಲ್ಲಿ ಅದನ್ನು ಕೂಡಿಸಬೇಕು, ಉಳಿದವರು ನೋಡಿ ಕಲಿಯಬೇಕು ಎಂಬ ಯೋಜನೆ.

ಯಂತ್ರ ಬೇಕೆಂದು ಮುಂದೆ ಬಂದವನು ರುದ್ರಪ್ಪ. ನನ್ನ ವಯಸ್ಸಿನವನೇ. ಇಳಕಲ್ ಸೀರೆಯ ಒಡಲು, ಅಂಚು, ಸೆರಗು ಎಲ್ಲ ಹಿಂದಿನವರು ಹಾಕಿಟ್ಟ ಲೆಕ್ಕದಂತೆಯೇ ಆಗಬೇಕು. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆ, ಅಷ್ಟೆ. ರುದ್ರಪ್ಪನಿಗೆ ಅದು ಸಾಕಾಗಿತ್ತು. ನನ್ನಲ್ಲಿದ್ದ ಪುಸ್ತಕದ ಚಿತ್ರಗಳನ್ನು ನೋಡಲು ವಾರಕ್ಕೊಮ್ಮೆ ಬಂದು ಕೂಡುತ್ತಿದ್ದ. ಲಿಯೋನಿನ ಎರಡು ಹೊಳೆಯ ಕತೆ ಹೇಳಿದಾಗ, "ಅಂದ್ರ ನಮ್ಮ ಕೂಡಲಸಂಗಮ ಇದ್ದಂಗ ಬಿಡ್ರಿ" ಎಂದಿದ್ದ. ಮುಂದೆ ಅವನ ಬಾಯಲ್ಲಿ ಆ ಊರಿನ ಹೆಸರು ಎಷ್ಟು ಸಲ ಬಂತೆಂದರೆ, ಓಣಿಯವರು ಅವನನ್ನೇ ಲಿಯೋನ್ ರುದ್ರಪ್ಪ ಎಂದು ಕಾಡಿಸುತ್ತಿದ್ದರು.

ಯಂತ್ರ ರೈಲಿನಲ್ಲಿ ಬಾಗಲಕೋಟೆಗೆ ಬಂದು, ಲಾರಿಯಲ್ಲಿ ಅಮೀನಗಡದ ಮೇಲೆ ಹಾಯ್ದು ಇಳಕಲ್ಲಿಗೆ ಬಂತು. ತೊಂದರೆ ಶುರುವಾದದ್ದು ಆಗ. ಜಕಾರ್ಡಿನಿಂದ ಹಾಸಿನವರೆಗೆ ಇಳಿಬಿಡುವ ದಾರಗಳು ಉದ್ದವಿರಬೇಕು. ಗಿಡ್ಡವಾದರೆ ಓರೆಯಾಗಿ ಎಳೆದು ಬೇಗ ಹರಿಯುತ್ತವೆ. ಆದ್ದರಿಂದ ನೆಲದಿಂದ ಹನ್ನೊಂದು ಅಡಿ ಎತ್ತರ ಬೇಕು. ರುದ್ರಪ್ಪನ ಮನೆ ಮಣ್ಣಿನ ಮಾಳಿಗೆಯದು, ಅಂದರೆ ತೊಲೆಗಳ ಮೇಲೆ ಮಣ್ಣು ಹೊದಿಸಿದ ಚಾವಣಿ; ಎತ್ತರ ಏಳೂವರೆ ಅಡಿ. ಇದನ್ನು ನಾನು ಮೊದಲೇ ಬರೆದು ತಿಳಿಸಿದ್ದೆ. ಎಲ್ಲ ಮನೆಗಳೂ ಹೀಗೇ ಇವೆ, ಊರಿಗೆಲ್ಲ ಸೇರಿ ಒಂದು ಎತ್ತರದ ಶೆಡ್ಡು ಕಟ್ಟಿಸಿ ಯಂತ್ರ ಅಲ್ಲಿಡೋಣ ಎಂದೂ ಬರೆದಿದ್ದೆ. ಶೆಡ್ಡಿನ ಮಾತಿಗೆ ಉತ್ತರವೇ ಬರಲಿಲ್ಲ. ಎತ್ತರದ ಮಾತಿಗೆ ಬಂದ ಉತ್ತರ, ಮಗ್ಗದ ಕುಣಿಯನ್ನು ಆಳ ಮಾಡಿರಿ ಎಂದು.

ನಮ್ಮ ಕಡೆಯ ಮಗ್ಗ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ನೇಕಾರ ಕೂಡುತ್ತಾನೆ. ಇಡೀ ಮಗ್ಗವನ್ನೇ ಕೆಳಗಿಳಿಸಿದರೆ ಮೇಲೆ ಜಾಗ ಸಿಗುತ್ತದೆ ಎಂಬುದು ಮೇಲಿನವರ ಲೆಕ್ಕ. ಕಾಗದದ ಮೇಲೆ ಸರಿಯಾಗಿಯೇ ಇತ್ತು. ಎರಡು ಗೇಣು ಅಗೆಯುವುದರೊಳಗೆ ಹಾರೆ ಠಣ್ಣೆಂದಿತು. ಇಳಕಲ್ಲಿನ ಕೆಳಗೆಲ್ಲ ಕೆಂಪು ಕಲ್ಲು. ಮೇಲೆ ಮಾಳಿಗೆ, ಕೆಳಗೆ ಬಂಡೆ, ನಡುವೆ ಗೋಣಿತಟ್ಟು ಸುತ್ತಿದ ಯಂತ್ರ ಮೂಲೆಯಲ್ಲಿ ಕೂತುಬಿಟ್ಟಿತು.

ಉಳಿದದ್ದು ಒಂದೇ ದಾರಿ, ಮಾಳಿಗೆ ತೆಗೆದು ಎತ್ತರಿಸುವುದು. ರುದ್ರಪ್ಪ ಅದಕ್ಕೂ ತಯಾರಿದ್ದ. ಆದರೆ ಮನೆ ಅವನೊಬ್ಬನದಾಗಿರಲಿಲ್ಲ. ಅರ್ಧದಲ್ಲಿ ಅಣ್ಣ ಸಂಗಪ್ಪ, ಅರ್ಧದಲ್ಲಿ ಇವನು. ನಡುವೆ ಗೋಡೆಯಿಲ್ಲ, ಒಲೆ ಒಂದೇ. ಎರಡೂ ಅರ್ಧದ ಮೇಲೆ ಹಾಯ್ದದ್ದು ಒಂದೇ ತೇಗಿನ ತೊಲೆ. ರುದ್ರಪ್ಪನ ಕಡೆ ಎತ್ತರಿಸಬೇಕಾದರೆ ತೊಲೆಯನ್ನು ನಡುವೆ ಕಡಿಯಬೇಕು. ಕಡಿದರೆ ಅಣ್ಣನ ಕಡೆಯ ತುಂಡು ನಿಲ್ಲಲು ಕೆಳಗೆ ಗೋಡೆ ಕಟ್ಟಬೇಕು. ಗೋಡೆ ಬಂದರೆ ಒಲೆ ಎರಡಾಗುತ್ತದೆ. ನಮ್ಮ ಕಡೆ ಒಲೆ ಎರಡಾಯಿತೆಂದರೆ ಮನೆ ಪಾಲಾಯಿತೆಂದೇ ಅರ್ಥ.

"ಒಂದ ಗ್ವಾಡಿ ಅಣ್ಣಾ. ಮಾಳಿಗಿ ಏರಸಾಕ ಬೇಕಾಗೇತಿ, ಅಷ್ಟ," ಎಂದ ರುದ್ರಪ್ಪ.

ಸಂಗಪ್ಪ ಕುಣಿಯಿಂದ ಏಳಲಿಲ್ಲ. "ನೀ ಗ್ವಾಡಿ ಕಟ್ಟೂದು ಮಾಳಿಗಿ ಸಲುವಾಗಿ. ಅದು ನಿಂದ್ರೂದು ಒಲಿ ನಡುವ. ಬ್ಯಾರೆ ಆಗಬೇಕಂತಿದ್ರ ಹಂಗ ಹೇಳು. ಮಶೀನಿನ ನೆವ ಬ್ಯಾಡ."

ಆ ದಿನದಿಂದ ಮನೆಯಲ್ಲಿ ಮಾತು ನಿಂತಿತು. ಗಂಡಸರು ಮಾತು ಬಿಟ್ಟರೆ ಮನೆ ಹೇಗೋ ನಡೆಯುತ್ತದೆ. ಇಲ್ಲಿ ಹೆಂಗಸರೂ ಬಿಟ್ಟರು, ಮಗ್ಗ ನಿಂತಿತು. ಅದಕ್ಕೆ ಕಾರಣ ಹೇಳಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡೂ ಬೇರೆ ಬೇರೆ ಹಾಸು. ನೇಯುವ ಮೊದಲು ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕುಣಿಕೆ ಹಾಕಿ ಸಿಕ್ಕಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಆ ಮನೆಯ ರೂಢಿಯಲ್ಲಿ ಸಂಗಪ್ಪನ ಹೆಂಡತಿ ಗಂಗವ್ವ ಒಂದು ಬದಿಗೆ, ರುದ್ರಪ್ಪನ ಹೆಂಡತಿ ನೀಲವ್ವ ಎದುರಿಗೆ ಕೂತು ಕೊಂಡಿ ಹಾಕುತ್ತಿದ್ದರು. ಒಬ್ಬಳು ಎಳೆ ಬಿಡಬೇಕು, ಇನ್ನೊಬ್ಬಳು ಹಿಡಿಯಬೇಕು. ಈಗ ನೆಗೆಣ್ಣಿಯರಿಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತರು. ಹಳೆಯ ಹಾಸು ಮುಗಿದ ಮೇಲೆ ಎರಡೂ ಮಗ್ಗ ಬರಿದಾದವು.

ಇದೇ ಹೊತ್ತಿಗೆ ಮೇಲಿನಿಂದ ಇನ್ನೊಂದು ಆಜ್ಞೆ. ಲಿಯೋನಿನಿಂದಲೇ ಒಬ್ಬ ತಜ್ಞೆ ಬರುತ್ತಿದ್ದಾರೆ, ಹೆಸರು ಮದಾಂ ಕ್ಲೋದೀನ್, ನೇಯ್ಗೆಯ ವಿನ್ಯಾಸ ಕಲಿಸುವವರು. ಬಾದಾಮಿ ತೋರಿಸಿ, ಇಳಕಲ್ಲಿನಲ್ಲಿ ಜಕಾರ್ಡ್ ನಡೆಯುವುದನ್ನು ತೋರಿಸಬೇಕು. ಗೊತ್ತುಮಾಡಿದ ದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಇಳಕಲ್ಲಿನಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಲಾಳಿಗೂ ಅಂದು ರಜೆ. ದಿನ ಬದಲಿಸಿರೆಂದು ತಂತಿ ಕೊಟ್ಟೆ. ಕಾರ್ಯಕ್ರಮ ಬದಲಾಗದು ಎಂದು ಉತ್ತರ ಬಂತು. ನನಗೆ ಸಿಟ್ಟೂ ಬರಲಿಲ್ಲ, ಅಷ್ಟು ಸಾಕಾಗಿತ್ತು.

ಮದಾಂ ಬಾಗಲಕೋಟೆ ಸ್ಟೇಶನ್ನಿನಲ್ಲಿ ಇಳಿದರು. ಐವತ್ತು ದಾಟಿದ ಎತ್ತರದ ಹೆಂಗಸು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ಮಾತು ಸುಲಭವಾಯಿತು. ಬಾದಾಮಿಯಲ್ಲಿ ಗುಹೆಗಳನ್ನು ತೋರಿಸಿದೆ. ಕೆತ್ತನೆಯನ್ನೆಲ್ಲ ಮರ್ಯಾದೆಗೆ ನೋಡಿದರು. ಮೇಲಿನಿಂದ ಹೊಂಡದ ಕಡೆ ನೋಡಿದಾಗ ಮಾತ್ರ ನಿಂತುಬಿಟ್ಟರು. ಕೆಳಗೆ ಪಾವಟಿಗೆಗಳ ಮೇಲೆ ಹೆಂಗಸರು ಒಗೆದ ಸೀರೆಗಳನ್ನು ಹರವಿದ್ದರು, ಸಾಲಾಗಿ ಕೆಂಪು ಸೆರಗುಗಳು. "ಒಂದು ಕಡೆ ಹೊಳಪು, ಇನ್ನೊಂದು ಕಡೆ ಇಲ್ಲ. ಎರಡನ್ನೂ ಹೇಗೆ ಕೂಡಿಸಿದ್ದಾರೆ?" ಎಂದು ಕೇಳಿದರು. ನಾಳೆ ತೋರಿಸುತ್ತೇನೆ ಎಂದೆ. ಯಾರು ತೋರಿಸುತ್ತಾರೋ ನನಗೇ ಗೊತ್ತಿರಲಿಲ್ಲ.

ಮರುದಿನ ಇಳಕಲ್ಲಿಗೆ ಹೋಗುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಕರದಂಟು ಕೊಡಿಸಿದೆ. ತಿನ್ನುತ್ತ, ತಮ್ಮ ಊರಿನಲ್ಲೂ ಬದಾಮಿ ಬೀಜಕ್ಕೆ ಸಕ್ಕರೆ ಕಟ್ಟಿ ಗುಲಾಬಿ ಬಣ್ಣ ಹಾಕಿ ಮಾಡುತ್ತಾರೆ, ಆದರೆ ಇಷ್ಟು ಅಗಿಯಬೇಕಾಗಿಲ್ಲ ಎಂದರು. ಆಮೇಲೆ ಊರಿನ ಮಾತೇ ಮಾತು. ಅವರು ಆ ಮಗ್ಗದ ಗುಡ್ಡದ ಮೇಲೆಯೇ ಹುಟ್ಟಿದವರು, ಅಪ್ಪ ನೇಕಾರ. ಮನೆಗಳ ಹೊಟ್ಟೆಯೊಳಗೇ ಹಾಯ್ದು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವ ಕಳ್ಳದಾರಿಗಳು ಅಲ್ಲಿವೆಯಂತೆ. ಮಳೆಯಲ್ಲಿ ರೇಷ್ಮೆ ತೋಯದಂತೆ ಅದರೊಳಗಿಂದಲೇ ಒಯ್ಯುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರು ಹಿಡಿದಾಗ ಅವರ ತಮ್ಮ ಅದೇ ದಾರಿಗಳಲ್ಲಿ ತಪ್ಪಿಸಿಕೊಂಡು ತಿರುಗಿದನಂತೆ. ಪುಸ್ತಕದಲ್ಲಿ ಓದಿದ್ದ ದಾರಿಗಳಲ್ಲಿ ಮೊದಲ ಸಲ ಒಬ್ಬ ಮನುಷ್ಯ ಓಡಾಡಿದ್ದು ನನಗೆ ಕಂಡಿತು.

ಇಳಕಲ್ಲಿನ ನೇಕಾರರ ಓಣಿಗೆ ಕಾಲಿಟ್ಟಾಗ ಅವರು ಮಾತು ನಿಲ್ಲಿಸಿ ಕಿವಿಗೊಟ್ಟರು. ಎಲ್ಲೂ ಸಪ್ಪಳವಿಲ್ಲ.

"ಇಲ್ಲಿಯೂ ಹೋಗಿಬಿಟ್ಟವೇ?" ಎಂದು ಕೇಳಿದರು.

ಏನು ಎಂದು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಮಗ್ಗಗಳು. ಅಮಾವಾಸ್ಯೆಯ ಮಾತು ವಿವರಿಸಿದೆ. ನಾಳೆ ಬೆಳಗ್ಗೆ ಮತ್ತೆ ಶುರುವಾಗುತ್ತವೆ ಎಂದೆ. ಅವರು ಒಂದು ಕಟ್ಟೆಯ ಮೇಲೆ ಕೂತು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಅಂದೇ ಹೊರಡಬೇಕಾಗಿದ್ದವರು, ಬೆಳಗಿನ ಸಪ್ಪಳ ಕೇಳಿಯೇ ಹೋಗುತ್ತೇನೆ ಎಂದು ಪ್ರವಾಸಿ ಬಂಗಲೆಯಲ್ಲಿ ಉಳಿದರು.

ಬೆಳಗ್ಗೆ ಓಣಿಯಲ್ಲಿ ಎಲ್ಲ ಮಗ್ಗಗಳೂ ಶುರುವಾಗಿದ್ದವು. ಮದಾಂ ನಗುತ್ತ ಮನೆಮನೆಯ ಮುಂದೆ ನಿಂತು ಕೇಳಿದರು. ರುದ್ರಪ್ಪನ ಮನೆಯೊಂದೇ ಸುಮ್ಮನಿತ್ತು. ಬಾಗಿಲಲ್ಲಿ ಗೌಂಡಿ ಹುಸೇನಸಾಬ ಹಾರೆ, ಗರಗಸ ಹಿಡಿದು ನಿಂತಿದ್ದ. ಅಮಾವಾಸ್ಯೆ ಮುಗಿದ ಮರುದಿನ ತೊಲೆ ಕಡಿಯಲು ರುದ್ರಪ್ಪ ಅವನನ್ನು ಗೊತ್ತುಮಾಡಿದ್ದನಂತೆ. ಸಂಗಪ್ಪ ಕಟ್ಟೆಯ ಮೇಲೆ ಕೂತಿದ್ದ, ತಲೆ ಎತ್ತಲಿಲ್ಲ.

"ತಲಿ ಜ್ವಾಕಿರಿ," ಎಂದಳು ನೀಲವ್ವ ಒಳಗಿನಿಂದ. ಅಷ್ಟರಲ್ಲಿ ಮದಾಂ ಹಣೆಗೆ ಬಾಗಿಲಚೌಕಟ್ಟು ಬಡಿದಾಗಿತ್ತು.

ಒಳಗೆ ಹೋಗಿ ಹಣೆ ತಿಕ್ಕಿಕೊಳ್ಳುತ್ತಲೇ ಅವರು ಮೇಲೆ ನೋಡಿದರು, ಮೂಲೆಯ ಯಂತ್ರ ನೋಡಿದರು, ಹೊರಗಿನ ಗೌಂಡಿಯನ್ನು ನೋಡಿದರು. ನಾನು ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದೆ. ಅವರು ತೀರ್ಪೇನೂ ಕೊಡಲಿಲ್ಲ. ತೊಲೆಯ ಕೆಲಸ ಆಮೇಲೆ ಆಗಲಿ, ಬಾದಾಮಿಯಲ್ಲಿ ಕೇಳಿದ್ದನ್ನು ಮೊದಲು ತೋರಿಸುವಿರಾ, ಅದಕ್ಕಾಗಿಯೂ ಉಳಿದುಕೊಂಡಿದ್ದೇನೆ ಎಂದರು. ಕೊಂಡಿ ನೋಡಬೇಕಂತೆ ಎಂದು ನಾನು ಹೆಂಗಸರಿಗೆ ಹೇಳಿದೆ.

ಕಡೆಗೆ ಗಂಗವ್ವ ಎದ್ದಳು. "ಎಲ್ಲಿಂದೋ ಬಂದಾರ. ಏನೂ ತೋರಸಲಾರದ ಕಳಸಾಕ ಆಗತೈತೇನ?" ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿ, ಒಡಲಿನ ಹಾಸು, ಸೆರಗಿನ ಹಾಸು ಎರಡನ್ನೂ ತಂದು ರುದ್ರಪ್ಪನ ಮಗ್ಗದ ಒಂದು ಬದಿಗೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ನೀಲವ್ವ ಎದುರಿಗೆ ಬಂದು ಕೂತಳು. ಮದಾಂ ನೆಲದ ಮೇಲೆಯೇ ಅವರ ಪಕ್ಕಕ್ಕೆ ಕಾಲು ಚಾಚಿ ಕೂತರು.

ಮೊದಮೊದಲು ಎಳೆ ತಪ್ಪಿತು. ಮಾತಿಲ್ಲದೆ ಆ ಕೆಲಸ ಆಗುವುದಿಲ್ಲ.

"ಬಿಡು," ಎಂದಳು ಗಂಗವ್ವ.

"ಬಿಟ್ಟೇನ್ರೆಕ್ಕಾ. ನೀವ ಜಗ್ಗಿ ಹಿಡದೀರಿ," ಎಂದಳು ನೀಲವ್ವ.

ಬಹಳ ದಿನಗಳ ಮೇಲೆ ಅವರಿಬ್ಬರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು. ಆಮೇಲೆ ಹಿಡಿ, ಬಿಡು, ಸಡಲ ಮಾಡು ಎಂದು ಕೈಯ ಜೊತೆ ಬಾಯಿಯೂ ಓಡಿತು. ನಡುವೆ ಎಲ್ಲೋ ಗಂಗವ್ವ, "ಸೊರಗೀಯಲ್ಲ, ಉಂಡಿಯೋ ಇಲ್ಲೋ" ಎಂದದ್ದು, ನೀಲವ್ವ ಮೂಗು ಒರೆಸಿಕೊಂಡದ್ದು ನನಗೆ ನೆನಪಿದೆ. ಕೊಂಡಿ ಒಮ್ಮೆ ಶುರು ಮಾಡಿದರೆ ಅರ್ಧಕ್ಕೆ ಬಿಡುವಂತಿಲ್ಲ, ಎಳೆಗಳೆಲ್ಲ ಗಂಟಾಗುತ್ತವೆ. ಬಿಸಿಲು ಏರಿತು. ಹುಸೇನಸಾಬ ಎಲೆ-ಅಡಿಕೆ ಹಾಕಿಕೊಂಡ, ರೊಟ್ಟಿ ಬುತ್ತಿ ಬಿಚ್ಚಿ ಉಂಡ, ಕಟ್ಟೆಯ ಮೇಲೆ ಒರಗಿದ. ಒಳಗೆ ತೊಲೆ ಹಾಗೇ ಇತ್ತು.

ರುದ್ರಪ್ಪ ಇಷ್ಟು ಹೊತ್ತೂ ಯಂತ್ರದ ಪಕ್ಕದಲ್ಲಿ ನಿಂತಿದ್ದ. ಕಡೆಗೆ ನೇರವಾಗಿ ಮದಾಂ ಅವರನ್ನೇ ಕೇಳಿದ. "ನಿಮ್ಮೂರಾಗ ಮಾಳಿಗಿ ಎತ್ತರ ಇರ್ತಾವಂತ ಸಾಹೇಬ್ರು ಹೇಳ್ಯಾರ್ರಿ. ಹಂಗಾರ ಅಲ್ಲೆ ಎಲ್ಲಾರೂ ಛಲೋ ಇದ್ದಾರಲ್ಲ?"

ಅವರು ಹೇಳಿದ್ದನ್ನು ನಾನು ಕನ್ನಡ ಮಾಡುತ್ತ ಹೋದೆ. ಆ ಗುಡ್ಡದ ಮನೆಗಳನ್ನು ಈ ಯಂತ್ರಕ್ಕೆಂದೇ ಕಟ್ಟಿದ್ದರು. ಹದಿಮೂರು ಅಡಿ ಎತ್ತರ, ಬೆಳಕಿಗೆ ದೊಡ್ಡ ದೊಡ್ಡ ಕಿಟಕಿ. ಎತ್ತರವೆಲ್ಲ ಯಂತ್ರಕ್ಕೆ, ಮನೆಯವರು ಅಟ್ಟ ಕಟ್ಟಿಕೊಂಡು, ಎದ್ದು ನಿಲ್ಲಲಾಗದ ಜಾಗದಲ್ಲಿ ಮಲಗುತ್ತಿದ್ದರು. ಅವರು, ಅಕ್ಕ, ತಮ್ಮ ಮೂವರೂ ಹಾಗೇ ಬೆಳೆದವರು. ಅಪ್ಪ ಒಳ್ಳೊಳ್ಳೆಯ ಹೂವು ನೇಯ್ದರು, ರಾಜಮನೆತನದವರ ಗೋಡೆಗೆ ಹೊದಿಸಲು ಹೋದವು. ಅದನ್ನು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು, ಮುಚ್ಚಿಡಲಿಲ್ಲ. ಆಮೇಲೆ ಕರೆಂಟಿನ ಮಗ್ಗ ಬಂದವು, ಕೆಲಸ ಗುಡ್ಡ ಇಳಿದು ಕಾರಖಾನೆಗಳಿಗೆ ಹೋಯಿತು. ಯಂತ್ರ ಹೋಯಿತು, ಎತ್ತರ ಉಳಿಯಿತು. ಅಕ್ಕ ಈಗಲೂ ಅದೇ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಚಳಿಗಾಲದಲ್ಲಿ ಎಷ್ಟು ಕಟ್ಟಿಗೆ ಉರಿಸಿದರೂ ಬೆಚ್ಚಗಾಗುವುದಿಲ್ಲ, ಕಾವೆಲ್ಲ ಮೇಲೆ ಹೋಗಿ ಕೂಡುತ್ತದೆ. ಡಿಸೆಂಬರಿನಲ್ಲಿ ಒಂದು ಹಬ್ಬದ ಸಂಜೆ ಊರವರೆಲ್ಲ ಕಿಟಕಿಗಳಲ್ಲಿ ದೀಪ ಇಡುತ್ತಾರೆ; ಅಷ್ಟು ದೊಡ್ಡ ಕಿಟಕಿಗಳು ಈಗ ಅದೊಂದಕ್ಕೆ ಉಪಯೋಗ.

"ಯಂತ್ರ ಕೆಟ್ಟದ್ದಲ್ಲ," ಎಂದರು ಕೊನೆಗೆ. "ನಿನ್ನ ಜಾಗದಲ್ಲಿದ್ದರೆ ನಾನೂ ಆಸೆಪಡುತ್ತಿದ್ದೆ. ಕಡಿಯಬೇಡ ಎಂದು ನಾನು ಹೇಳುವುದಿಲ್ಲ. ನೀನು ಕೇಳಿದೆ, ಅದಕ್ಕೆ ಹೇಳಿದೆ."

ಕೊಂಡಿ ಮುಗಿದಾಗ ಮಧ್ಯಾಹ್ನ ಇಳಿದಿತ್ತು. ರುದ್ರಪ್ಪನ ಮಗ್ಗದ ಮೇಲೆ ಹತ್ತಿ-ರೇಷ್ಮೆ ಸೇರಿದ ಹಾಸು ನೇಯಲು ತಯಾರಾಗಿ ನಿಂತಿತು. ಅದರ ಮೇಲೆ ಮಾಳಿಗೆಯ ಮಣ್ಣು ಕೆಡವುವಂತಿರಲಿಲ್ಲ. ಅವನು ಹೊರಗೆ ಹೋಗಿ, "ಹುಸೇನಸಾಬ, ಇವತ್ತ ಬ್ಯಾಡ. ನಾ ಹೇಳಿ ಕಳಿಸ್ತೇನಿ," ಎಂದ. ಗೌಂಡಿ ಹಾರೆ ಹೆಗಲಿಗೇರಿಸಿಕೊಂಡು ಹೋದ. ಕಟ್ಟೆಯ ಮೇಲಿದ್ದ ಸಂಗಪ್ಪ ಎದ್ದು ಒಳಗೆ ಬಂದು, ತಮ್ಮನನ್ನು ದಾಟಿ ತನ್ನ ಕುಣಿಯಲ್ಲಿಳಿದು ಕೂತ.

ಮದಾಂ ಅವರನ್ನು ಬಸ್ಸಿಗೆ ಬಿಡಲು ಹೊರಟಾಗ ರುದ್ರಪ್ಪ ಓಣಿಯ ತುದಿಯವರೆಗೆ ಬಂದು ನನ್ನ ತೋಳು ಹಿಡಿದ.

"ಸಾಹೇಬ್ರ, ಮಶೀನ ನಾಳೇನ ಒಯ್ರಿ. ಕಣ್ಣಮುಂದಿದ್ರ ನನ್ನ ಮನಸ ನಿಂದ್ರಂಗಿಲ್ಲ."

ಅವನ ಕಣ್ಣು ತುಂಬಿತ್ತು. ಶೆಡ್ಡಿಗಾಗಿ ಮತ್ತೊಮ್ಮೆ ಬರೆಯುತ್ತೇನೆ ಎಂದೆ. ಬರೆದೆ ಕೂಡ. ಯಂತ್ರ ಬೇರೆ ಊರಿಗೆ ಹೋಯಿತು, ಸರ್ಕಾರದ ಯೋಜನೆ ನನ್ನಿಂದ ಕೆಟ್ಟಿತೆಂದು ಒಂದು ಕಟುವಾದ ಕಾಗದ ಬಂತು, ಮರುವರ್ಷ ವರ್ಗವೂ ಆಯಿತು. ಅಲ್ಲಿರುವವರೆಗೆ ರುದ್ರಪ್ಪ ನನ್ನ ಹತ್ತಿರ ಚಿತ್ರ ನೋಡಲು ಮತ್ತೆ ಬರಲಿಲ್ಲ. ಎದುರಾದರೆ ಕೈ ಮುಗಿದು ದಾಟಿ ಹೋಗುತ್ತಿದ್ದ.

1959ರಲ್ಲಿ ಬೇರೆ ಕೆಲಸದ ಮೇಲೆ ಇಳಕಲ್ಲಿಗೆ ಹೋದಾಗ ಆ ಓಣಿಯಲ್ಲಿ ಹಾಯಲೋ ಬೇಡವೋ ಎಂದು ಬಹಳ ಯೋಚಿಸಿ ಹಾಯ್ದೆ. ಆಗ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ಓಣಿ ಮಾತ್ರ ಹಾಗೇ ಇತ್ತು. ಬಾಗಿಲಲ್ಲಿ ನಿಂತಾಗ ಒಳಗಿನಿಂದ ರುದ್ರಪ್ಪನ ದನಿ ಬಂತು.

"ತಲಿ ಜ್ವಾಕಿರಿ, ಸಾಹೇಬ್ರ."

ಅವನು ಕುಣಿಯಲ್ಲಿದ್ದ, ಕೈ ನಿಲ್ಲಿಸಲಿಲ್ಲ. ಆ ವಯಸ್ಸಿಗೇ ಕೂದಲು ನೆರೆತಿತ್ತು. "ಆ ಮದಾಂ ಬಾಯಾರ ಊರಾಗ ಈಗರೆ ಮಗ್ಗ ಅದಾವೇನ್ರಿ?" ಎಂದು ಕೇಳಿದ.

"ಇಲ್ಲ ಅನ್ನೂವಷ್ಟ ಕಡಿಮಿ," ಎಂದೆ.

"ನಮ್ಮವು ನಡದಾವ," ಎಂದ. ಲಾಳಿ ಎರಡು ಸಲ ಆ ಕಡೆ ಈ ಕಡೆ ಓಡಿತು. "ಆದ್ರ ನಾ ಇನ್ನೂ ಕನಸಿನ್ಯಾಗ ನವಲ ನೇಯ್ತೇನ್ರಿ, ಸಾಹೇಬ್ರ." ಹಾಗೆಂದವನೇ ಅಣ್ಣನ ಅರ್ಧದ ಕಡೆ ತಿರುಗಿ ಕೂಗಿದ, "ಅತ್ತಿಗೀ, ಸಾಹೇಬ್ರಿಗೆ ಚಾ ಇಡ್ರಿ."

ಗಂಗವ್ವ ಚಹಾ ತಂದುಕೊಟ್ಟಳು. ಒಲೆಯಿಂದ ಮಗ್ಗದವರೆಗೆ ದಾರಿಗೆ ಅಡ್ಡ ಏನೂ ಇರಲಿಲ್ಲ.

ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ. ಒಬ್ಬರ ಮನೆಗೆ ಹೊಸದೊಂದನ್ನು ಒಯ್ಯುವವನು ಮೊದಲು ತಲೆ ಎತ್ತಿ ತೊಲೆ ನೋಡಬೇಕು, ಆಮೇಲೆ ಅಲ್ಲಿ ಯಾರು ಯಾರ ಎದುರಿಗೆ ಕೂಡುತ್ತಾರೆ ಎಂದು ನೋಡಬೇಕು. ರುದ್ರಪ್ಪನಿಗೆ ನವಿಲೂ ಬೇಕಿತ್ತು, ಆ ಒಂದೇ ಒಲೆಯ ಚಹಾನೂ ಬೇಕಿತ್ತು. ಎರಡಕ್ಕೂ ಬೇಕಾಗಿದ್ದದ್ದು ಒಂದು ಎತ್ತರದ ಶೆಡ್ಡು. ಅದರ ಕಾಗದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ.